ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಆಗಬಾರದು

‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎನ್ನುವುದು ಹಳೇ ಗಾದೆ. ಸರ್ಕಾರಿ ಕಚೇರಿಯ ದುಂದುವೆಚ್ಚ ಕಂಡಾಗಲೆಲ್ಲ ಜನ ಇದನ್ನು ನೆನಪು ಮಾಡಿಕೊಳ್ಳುತ್ತಾರೆ. ಆದರೆ ಈ ಗಾದೆ ಬರೀ ಸರ್ಕಾರಕ್ಕೆ ಮಾತ್ರ ಸಲ್ಲುತ್ತದೆಯೇ? ಖಾಸಗಿ ಕಂಪನಿಯ ಖರೀದಿ ಮ್ಯಾನೇಜರ್ ಖರ್ಚು ಮಾಡುವುದು ಯಾರ ದುಡ್ಡು? ಜಾತಿ ಸಂಘದ ಕಲ್ಯಾಣ ಮಂಟಪಕ್ಕೆ ಪಾತ್ರೆಪಡಗ ಕೊಳ್ಳುವ ಖಜಾಂಚಿ ಖರ್ಚು ಮಾಡುವುದು ಯಾರ ದುಡ್ಡು? ಅಣ್ಣತಮ್ಮಂದಿರು ಸೇರಿ ನಡೆಸುವ ಅಂಗಡಿಗೆ ಹಿರಿಯಣ್ಣ ಒಬ್ಬನೇ ಮಾಲು ತರಿಸಿದರೆ ಅದು ಯಾರ ದುಡ್ಡು? ಸ್ವಲ್ಪ ಯೋಚಿಸಿದರೆ ಉತ್ತರ ಸಿಗುತ್ತದೆ.

ನಿಲಕ್ಕೋಟ್ಟೈ ಸುತ್ತಮುತ್ತಲಿನ ಕನ್ನಡ ಮನೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ದಿಂಡುಗಲ್, ತೇನಿ, ಕಂಬಂ ಕಣಿವೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ ಕಾಪ್ಪಿಲಿಯರು, ಅನುಪ್ಪರು, ದೇವಾಂಗರು ಬದುಕು ಕಟ್ಟಿಕೊಂಡಿರುವುದೇ ಕೊಡು-ಕೊಳ್ಳುವಿಕೆಯ ಮೇಲೆ. ನಿಲಕ್ಕೋಟ್ಟೈಯಲ್ಲಿ ಹೂವಿನ ಮಾರುಕಟ್ಟೆ ಇದೆ, ಸಿಪ್ಕಾಟ್ ಕೈಗಾರಿಕಾ ಪ್ರದೇಶವೂ ಇದೆ. ಚಿನ್ನಾಳಪಟ್ಟಿಯಲ್ಲಿ ಸೀರೆ, ಕಂಬಂನಲ್ಲಿ ದ್ರಾಕ್ಷಿ, ಬೋಡಿನಾಯಕನೂರಿನಲ್ಲಿ ಏಲಕ್ಕಿ. ಇಲ್ಲಿ ಬೆಳೆದವನೂ ನೇಯ್ದವನೂ ಕೊನೆಗೆ ಯಾವುದೋ ಖಾಸಗಿ ಖರೀದಿದಾರನ ಮುಂದೆ ನಿಲ್ಲಲೇಬೇಕು. ಆ ಖರೀದಿಗೆ ನಿಯಮ ಏನು ಅಂತ ಕೇಳಿದರೆ ಬರುವ ಉತ್ತರ ಒಂದೇ: ‘ಎಲ್ಲಾ ನಂಬಿಕೆ ಮೇಲೆ ನಡೀತದೆ.’

ನಂಬಿಕೆ ಒಳ್ಳೆಯದೇ. ಆದರೆ ನಂಬಿಕೆ ಮುರಿದ ದಿನ ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಸೋಲುವವನು ಸಣ್ಣವನೇ. ಸರ್ಕಾರಿ ಟೆಂಡರಿನ ಕ್ರಮಗಳನ್ನು ಖಾಸಗಿ ಖರೀದಿಗೂ ಗುತ್ತಿಗೆಗೂ ತರಬೇಕು ಎಂಬ ಮಾತಿಗೆ ಬೆಲೆ ಬರುವುದು ಈ ಕಾರಣಕ್ಕೆ.

ಟೆಂಡರ್ ನಿಯಮ ಯಾಕೆ ಬಂತು?

ಸರ್ಕಾರಿ ಟೆಂಡರ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ವಿಳಂಬ, ಫೈಲು, ಸಹಿ, ಮತ್ತೆ ಫೈಲು. ಆದರೂ ಆ ನಿಯಮಗಳು ಹುಟ್ಟಿದ್ದಕ್ಕೆ ಕಾರಣ ಇದೆ. ಕೊಳ್ಳುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ. ಅಧಿಕಾರಿ ಸಹಿ ಹಾಕುತ್ತಾನೆ, ತೆರಿಗೆ ಕಟ್ಟಿದವನು ದುಡ್ಡು ತೆರುತ್ತಾನೆ. ಇಬ್ಬರ ನಡುವೆ ಇರುವ ಕತ್ತಲೆಯಲ್ಲಿ ಬೆಳಕು ಹಚ್ಚಿಡುವುದೇ ಟೆಂಡರ್ ನಿಯಮದ ಕೆಲಸ.

ಈ ವಿಚಾರದಲ್ಲಿ ತಮಿಳುನಾಡು ಮುಂದೆ ಹೆಜ್ಜೆ ಇಟ್ಟ ರಾಜ್ಯ. 1998ರಲ್ಲೇ ಇಲ್ಲಿ ಟೆಂಡರ್ ಪಾರದರ್ಶಕತೆ ಕಾಯ್ದೆ ಬಂತು. ಮರುವರ್ಷವೇ, 1999ರಲ್ಲಿ, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯ್ದೆ ಮಾಡಿತು. ಗಡಿಯ ಎರಡೂ ಕಡೆ ಕಾನೂನಿನ ತಿರುಳು ಒಂದೇ. ಏನು ಬೇಕು ಅಂತ ಮೊದಲೇ ಪ್ರಕಟಿಸಬೇಕು, ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಆಯ್ಕೆಗೆ ಕಾರಣ ದಾಖಲಾಗಬೇಕು.

ಅದಕ್ಕೂ ಮುಂಚೆ 1979ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಹತ್ವದ ಮಾತು ಹೇಳಿತ್ತು. ಮುಂಬೈ ವಿಮಾನ ನಿಲ್ದಾಣದಲ್ಲಿ ಹೋಟೆಲ್ ನಡೆಸುವ ಗುತ್ತಿಗೆಗೆ ವಿಮಾನ ನಿಲ್ದಾಣ ಪ್ರಾಧಿಕಾರ ಟೆಂಡರ್ ಕರೆದಿತ್ತು. ಐದು ವರ್ಷದ ಅನುಭವ ಇರುವ ನೋಂದಾಯಿತ ಹೋಟೆಲ್‌ನವರಷ್ಟೇ ಅರ್ಜಿ ಹಾಕಬೇಕು ಅಂತ ಷರತ್ತು. ಗುತ್ತಿಗೆ ಸಿಕ್ಕಿದ್ದು ಆ ಷರತ್ತು ಪೂರೈಸದವರಿಗೆ. ರಮಣ ದಯಾರಾಂ ಶೆಟ್ಟಿ ಪ್ರಕರಣ ಎಂದೇ ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಾಲಯ, ತಾನೇ ಹಾಕಿದ ಷರತ್ತನ್ನು ಸರ್ಕಾರಿ ಸಂಸ್ಥೆ ತಾನೇ ಮುರಿಯುವಂತಿಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು. ಅರ್ಜಿದಾರರು ತಡಮಾಡಿ ಬಂದಿದ್ದರಿಂದ ಆ ಗುತ್ತಿಗೆ ರದ್ದಾಗಲಿಲ್ಲ. ತತ್ವ ಮಾತ್ರ ಉಳಿಯಿತು.

ಖಾಸಗಿಯವರಿಗೆ ಈ ಕಟ್ಟು ಇಲ್ಲ. ‘ನನ್ನ ದುಡ್ಡು, ನನ್ನ ಇಷ್ಟ’ ಅನ್ನುವ ಹಕ್ಕು ಅವರಿಗಿದೆ. ಸ್ವಂತ ದುಡ್ಡಲ್ಲಿ ಸ್ವಂತಕ್ಕೆ ಕೊಳ್ಳುವವರ ಮಟ್ಟಿಗೆ ಈ ಮಾತು ನ್ಯಾಯವೇ. ಮಗಳ ಮದುವೆಗೆ ಯಾರ ಅಂಗಡಿಯಲ್ಲಿ ಸೀರೆ ತೆಗೆಯಬೇಕು ಅನ್ನುವುದಕ್ಕೆ ಟೆಂಡರ್ ಕರೆಯಬೇಕಿಲ್ಲ. ಆದರೆ ಷೇರುದಾರರ ದುಡ್ಡು, ಪಾಲುದಾರರ ದುಡ್ಡು, ಸಂಘದ ದುಡ್ಡು, ದೇವಸ್ಥಾನದ ಚಂದಾ ದುಡ್ಡು ಖರ್ಚು ಮಾಡುವಾಗ ‘ನನ್ನ ಇಷ್ಟ’ ಅನ್ನುವುದು ನಡೆಯದು. ದುಡ್ಡು ಇನ್ನೊಬ್ಬರದ್ದಾದರೆ ಲೆಕ್ಕ ತೆರೆದಿಡಬೇಕು. ಸರ್ಕಾರಕ್ಕೆ ಯಾವ ಕಾರಣಕ್ಕೆ ನಿಯಮ ಬೇಕೋ ಅದೇ ಕಾರಣ ಇಲ್ಲೂ ಇದೆ.

ಕುರ್ಚಿ ಕೊಳ್ಳುವ ಲೆಕ್ಕ

ಒಂದು ಸಂಘದ ಸಭಾಭವನಕ್ಕೆ 200 ಕುರ್ಚಿ ಬೇಕು ಅನ್ನಿ. ಸಾಮಾನ್ಯವಾಗಿ ಆಗುವುದೇನು? ಕಾರ್ಯದರ್ಶಿಗೆ ಪರಿಚಯದ ಒಬ್ಬರು ಇರುತ್ತಾರೆ. ‘ಮಾವನೋರ ಅಂಗಡಿ ಇದ್ಯಲ್ಲ, ಅಲ್ಲೇ ಹೇಳಿಬಿಡೋಣ’ ಅನ್ನುತ್ತಾರೆ. ‘ಕೊಟೇಶನ್ ಕೇಳೋಕೆ ಅವರೇನು ಹೊರಗಿನೋರಾ?’ ಅಂತ ಇನ್ನೊಬ್ಬರು ದನಿಗೂಡಿಸುತ್ತಾರೆ. ಕುರ್ಚಿ ಬರುತ್ತದೆ. ಆರು ತಿಂಗಳಿಗೆ ಕಾಲು ಮುರಿಯುತ್ತದೆ. ಮಾವನೋರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ವಾರ್ಷಿಕ ಸಭೆಯಲ್ಲಿ ಜಗಳ ಶುರುವಾಗುತ್ತದೆ. ಕುರ್ಚಿಯ ಜಗಳ ಕೊನೆಗೆ ಮನೆಮನೆಗಳ ಜಗಳವಾಗಿ ಸಂಘವೇ ಇಬ್ಭಾಗವಾಗುತ್ತದೆ. ಇಂಥ ಉದಾಹರಣೆ ಗೊತ್ತಿಲ್ಲದ ಊರು ಅಪರೂಪ.

ಇದೇ ಖರೀದಿಗೆ ಸರ್ಕಾರಿ ಕ್ರಮದಿಂದ ಐದೇ ಐದು ಪಾಠ ಎರವಲು ತಂದರೆ ಸಾಕು.

ಮೊದಲನೆಯದು, ಬೆಲೆ ಕೇಳುವ ಮೊದಲು ಬೇಕಾದ್ದನ್ನು ಬರೆಯುವುದು. ‘ಒಳ್ಳೇ ಕುರ್ಚಿ’ ಅಂದರೆ ಯಾವುದು? ಕೈ ಇರುವುದೋ ಇಲ್ಲದ್ದೋ, ಎಷ್ಟು ತೂಕ ತಡೆಯಬೇಕು, ಗ್ಯಾರಂಟಿ ಎಷ್ಟು ದಿನ, ಸಾಗಣೆ ಯಾರ ಖರ್ಚು, ಜಿಎಸ್‌ಟಿ ಸೇರಿಯೋ ಬಿಟ್ಟೋ? ಇದನ್ನು ಬರೆಯದೆ ಮೂರು ಕೊಟೇಶನ್ ತಂದರೆ ಒಂದು ಮಾವು, ಒಂದು ಬೇವು, ಒಂದು ಹುಣಸೆ ಆಗುತ್ತದೆ. ಯಾವುದು ಅಗ್ಗ ಅಂತ ಹೇಳಲು ಬರುವುದಿಲ್ಲ.

ಎರಡನೆಯದು, ಮೊತ್ತಕ್ಕೆ ತಕ್ಕ ಕ್ರಮ. ಸರ್ಕಾರ ಪೆನ್ಸಿಲಿಗೂ ಟೆಂಡರ್ ಕರೆಯುತ್ತದೆ ಎಂಬುದು ತಪ್ಪು ಕಲ್ಪನೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ಹೊಸದಾಗಿ ಬಂದಾಗ 25 ಸಾವಿರ ರೂ.ವರೆಗಿನ ಖರೀದಿಗೆ ಕೊಟೇಶನ್ನೇ ಬೇಡ ಅಂದವು. ಅದರಿಂದ ಮೇಲೆ ಎರಡೂವರೆ ಲಕ್ಷದವರೆಗೆ ಮೂವರ ಸಮಿತಿ ಪೇಟೆಗೆ ಹೋಗಿ ವಿಚಾರಿಸಿ ತರಬೇಕು ಅಂದವು. ಅದಕ್ಕೂ ಮೇಲಿನದಕ್ಕೆ ಟೆಂಡರ್. ಸಂಘವೋ ಸಣ್ಣ ಕಂಪನಿಯೋ ತನ್ನ ಶಕ್ತಿಗೆ ತಕ್ಕ ಹಾಗೆ ಇಂಥದೊಂದು ಏಣಿ ಮಾಡಿಕೊಳ್ಳಬಹುದು. ಸಣ್ಣದಕ್ಕೆ ಸಲೀಸು, ದೊಡ್ಡದಕ್ಕೆ ಬಿಗಿ.

ಮೂರನೆಯದು, ಮುಚ್ಚಿದ ಲಕೋಟೆಗಳನ್ನು ಒಂದೇ ಹೊತ್ತಿಗೆ ಎಲ್ಲರ ಎದುರು ಒಡೆಯುವುದು. ಖಾಸಗಿ ಖರೀದಿಯಲ್ಲಿ ತೀರಾ ಕೆಟ್ಟ ಚಾಳಿ ಯಾವುದೆಂದರೆ ಒಬ್ಬನ ರೇಟನ್ನು ಇನ್ನೊಬ್ಬನಿಗೆ ಹೇಳಿ ಚೌಕಾಸಿ ಮಾಡುವುದು. ‘ಅವರು ಇಷ್ಟಕ್ಕೆ ಕೊಡ್ತಾರೆ, ನೀವೆಷ್ಟು ಇಳೀತೀರಿ?’ ಎಂಬ ಆಟದಲ್ಲಿ ಮೊದಲು ಪ್ರಾಮಾಣಿಕ ಬೆಲೆ ಹೇಳಿದವನೇ ಸೋಲುತ್ತಾನೆ. ಮುಂದಿನ ಸಲ ಅವನೂ ಬೆಲೆ ಏರಿಸಿಯೇ ಹೇಳುತ್ತಾನೆ. ಕೇಂದ್ರ ಜಾಗೃತ ಆಯೋಗ 2007ರ ಸುತ್ತೋಲೆಯಲ್ಲಿ, ಟೆಂಡರ್ ತೆರೆದ ಮೇಲೆ ಮಾತುಕತೆ ಸಾಮಾನ್ಯವಾಗಿ ಕೂಡದು, ತೀರಾ ಅನಿವಾರ್ಯವಾದರೆ ಕಡಿಮೆ ದರದವರೊಂದಿಗೆ ಮಾತ್ರ ಅಂತ ಹೇಳಿದ್ದು ಈ ಕಾಯಿಲೆಗೆ ಮದ್ದಾಗಿಯೇ.

ನಾಲ್ಕನೆಯದು, ನೆಂಟಸ್ತನ ಮುಚ್ಚಿಡದಿರುವುದು. ನೆಂಟರಿಂದ ಕೊಳ್ಳಲೇಬಾರದು ಎಂದಲ್ಲ. ಗಡಿಯಾಚೆ ಬದುಕುವ ಸಣ್ಣ ಸಮುದಾಯದಲ್ಲಿ ಎಲ್ಲರೂ ಎಲ್ಲರಿಗೂ ಯಾವುದೋ ಎಳೆಯಲ್ಲಿ ನೆಂಟರೇ. ಆದರೆ ‘ಇವರು ನನಗೆ ಇಂಥ ಸಂಬಂಧ’ ಅಂತ ಮೊದಲೇ ಹೇಳಿ, ಆಯ್ಕೆಯ ಹೊತ್ತಿಗೆ ಎದ್ದು ಹೊರಗೆ ಕೂರಬೇಕು. 2013ರ ಕಂಪನಿ ಕಾಯ್ದೆಯ 188ನೇ ಕಲಮು ಇದನ್ನೇ ಕಂಪನಿಗಳಿಗೆ ಕಡ್ಡಾಯ ಮಾಡಿದೆ. ನಿರ್ದೇಶಕರ ಸಂಬಂಧಿಕರೊಂದಿಗಿನ ವ್ಯವಹಾರಕ್ಕೆ ಮಂಡಳಿಯ ಒಪ್ಪಿಗೆ ಬೇಕು. ಪೇಟೆ ದರದಲ್ಲಿ ನಡೆಯುವ ದಿನನಿತ್ಯದ ವಹಿವಾಟಿಗೆ ಮಾತ್ರ ವಿನಾಯಿತಿ.

ಐದನೆಯದು, ಕಾರಣ ಬರೆದಿಡುವುದು. ‘ಮೂರು ಕೊಟೇಶನ್ ಬಂತು, ಎರಡನೆಯದನ್ನು ಒಪ್ಪಿದೆವು, ಯಾಕೆಂದರೆ ಗ್ಯಾರಂಟಿ ಹೆಚ್ಚು’ ಎಂಬ ನಾಲ್ಕು ಸಾಲು ನಿರ್ಣಯ ಪುಸ್ತಕದಲ್ಲಿ ಇದ್ದರೆ ವಾರ್ಷಿಕ ಸಭೆಯಲ್ಲಿ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಣ್ಣೆದುರಿನ ಉದಾಹರಣೆಗಳು

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರಿಗೆ ಹತ್ತಿರದಲ್ಲೇ ಉತ್ತರ ಇದೆ. ಬೋಡಿನಾಯಕನೂರಿನ ಏಲಕ್ಕಿ ಪೇಟೆಯಲ್ಲಿ ಮಾರುವವರೂ ಖಾಸಗಿ, ಕೊಳ್ಳುವವರೂ ಖಾಸಗಿ. ಆದರೆ ನಿಯಮ ಸರ್ಕಾರದ್ದು. 1987ರ ಏಲಕ್ಕಿ ಪರವಾನಗಿ ಮತ್ತು ಮಾರಾಟ ನಿಯಮಗಳ ಪ್ರಕಾರ ಹರಾಜು ನಡೆಸುವವರಿಗೂ ವ್ಯಾಪಾರಿಗಳಿಗೂ ಪರವಾನಗಿ ಬೇಕು. 2000ರ ದಶಕದ ಕೊನೆಯ ಹೊತ್ತಿಗೆ ಸಾಂಬಾರ ಮಂಡಳಿ ಇಲ್ಲಿಗೆ ಇ-ಹರಾಜು ತಂದಿತು. ಗಡಿಯಾಚೆ ಇಡುಕ್ಕಿಯ ಪುಟ್ಟಡಿಯಲ್ಲೂ ಇದೇ ವ್ಯವಸ್ಥೆ. ಮಾದರಿ ನೋಡಿ ಕಂಪ್ಯೂಟರಿನಲ್ಲಿ ಬೆಲೆ ಕೂಗುತ್ತಾರೆ. ಇವತ್ತಿನ ದರ ಎಷ್ಟು ಅನ್ನುವುದು ಬೆಟ್ಟದ ಮೇಲಿನ ಬೆಳೆಗಾರನಿಗೂ ಸಂಜೆಯೊಳಗೆ ಗೊತ್ತಾಗುತ್ತದೆ. ಬೆಲೆ ಬಿದ್ದರೆ ನಷ್ಟ ತಪ್ಪದು, ನಿಜ. ಆದರೆ ‘ನನಗೊಬ್ಬನಿಗೇ ಕಡಿಮೆ ಕೊಟ್ರು’ ಅನ್ನುವ ಸಂಕಟ ಕಡಿಮೆಯಾಗುತ್ತದೆ.

ಕರ್ನಾಟಕದ ಎಪಿಎಂಸಿಗಳಲ್ಲಿ ಟೆಂಡರ್ ಪದ್ಧತಿಯ ಮಾರಾಟ ಹಳೆಯದು. ರಾಶಿ ನೋಡಿದ ವರ್ತಕರು ಗುಟ್ಟಾಗಿ ದರ ನಮೂದಿಸುತ್ತಾರೆ, ನಿಗದಿತ ಹೊತ್ತಿಗೆ ಹೆಚ್ಚಿನ ದರ ಪ್ರಕಟವಾಗುತ್ತದೆ, ಒಪ್ಪಿಗೆ ಇಲ್ಲದಿದ್ದರೆ ರೈತ ಬೇಡ ಅನ್ನಬಹುದು. 2014ರಲ್ಲಿ ಶುರುವಾದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಇದನ್ನು ಕಂಪ್ಯೂಟರಿಗೆ ತಂದಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಕೊಳ್ಳುವುದೂ ಹರಾಜಿನಲ್ಲೇ.

ಇನ್ನು ಕಾಸರಗೋಡಿನ ಕನ್ನಡಿಗರಿಗೆ ಕ್ಯಾಂಪ್ಕೋ ಹೆಸರು ಹೇಳಿದರೆ ಸಾಕು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ-ಕೇರಳದ ಬೆಳೆಗಾರರ ಈ ಸಹಕಾರಿ ಸಂಸ್ಥೆ ಹುಟ್ಟಿತು. ಅದು ಸರ್ಕಾರಿ ಇಲಾಖೆಯಲ್ಲ. ಆದರೆ ಅದರ ಖರೀದಿ ದರ ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗುತ್ತದೆ. ಒಬ್ಬ ದೊಡ್ಡ ಖರೀದಿದಾರ ದರವನ್ನು ಬಯಲಿಗಿಟ್ಟರೆ ಉಳಿದ ವರ್ತಕರೂ ಅದನ್ನು ನೋಡಿಕೊಂಡೇ ಬೆಲೆ ಹೇಳಬೇಕಾಗುತ್ತದೆ. ಕಾನೂನಿನ ಬೆತ್ತ ಇಲ್ಲದೆಯೂ ಶಿಸ್ತು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಬೆಳಕಿನಲ್ಲಿ ನಿಲಕ್ಕೋಟ್ಟೈ ಹೂವಿನ ಕಡೆ ನೋಡಬೇಕು. ಮಲ್ಲಿಗೆ ಬೆಲೆ ಮುಹೂರ್ತದ ದಿನ, ಚಳಿಗಾಲದಲ್ಲಿ ಹೂವು ಕಮ್ಮಿಯಾದ ದಿನ ಕಿಲೋಗೆ ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ಹೂವು ರಾಶಿ ಬಿದ್ದ ದಿನ ಕಿತ್ತ ಕೂಲಿಯೂ ಗಿಟ್ಟುವುದಿಲ್ಲ. ಬೇಗ ಬಾಡುವ ಸರಕು, ಬಹಳ ಹೊತ್ತು ಇಟ್ಟರೆ ಕಸ. ಕಾಯುವ ಶಕ್ತಿ ಇಲ್ಲದವನ ಹತ್ತಿರ ಚೌಕಾಸಿ ಸುಲಭ. ಮಂಡಿಯಿಂದ ಮುಂಗಡ ಪಡೆದ ರೈತನಿಗಂತೂ ಬೇರೆ ಕಡೆ ಹೋಗುವ ದಾರಿಯೂ ಇಲ್ಲ. ಮದುರೈ ಮಲ್ಲಿಗೆಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಹೂವಿಗೆ ಸಿಕ್ಕಿತೇ ಹೊರತು, ಅದನ್ನು ಬೆಳೆದವನ ಲೆಕ್ಕಕ್ಕೆ ಸಿಗಲಿಲ್ಲ. ಅತ್ತರು ಕಾರ್ಖಾನೆಗಳಾಗಲಿ ದೊಡ್ಡ ವರ್ತಕರಾಗಲಿ ದಿನದ ದರ, ತೂಕ, ಕಮಿಷನ್, ಕಡಿತ ಇಷ್ಟನ್ನು ಹಲಗೆಯ ಮೇಲೆ ಬರೆದು, ಚೀಟಿಯಲ್ಲಿ ಕೊಟ್ಟರೆ ಅರ್ಧ ಕೆಲಸ ಆದಂತೆ. ಕರಾರು ಬೇಸಾಯಕ್ಕೆ ತಮಿಳುನಾಡು 2019ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ. ಕಂಪನಿಯ ಜೊತೆ ಮುಂಚಿತವಾಗಿ ಬೆಲೆ ಮಾತಾಡಿಕೊಳ್ಳುವವರು ಬರೀ ಬಾಯಿ ಮಾತಿಗೆ ಒಪ್ಪದೆ ಆ ಕಾಯ್ದೆಯಡಿ ನೋಂದಣಿ ಕೇಳುವುದು ಜಾಣತನ.

ದುಡ್ಡು ಬರುವ ದಿನ

ಖರೀದಿಯ ಶಿಸ್ತು ಆಯ್ಕೆಗೆ ಮುಗಿಯುವುದಿಲ್ಲ. ದುಡ್ಡು ಕೈಸೇರುವ ತನಕ ಅದು ಬೇಕು. ಸಿಪ್ಕಾಟಿನ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕ, ದೊಡ್ಡ ಅಂಗಡಿಗೆ ಸೀರೆ ನೇಯ್ದು ಕೊಡುವ ನೇಕಾರ ಇವರೆಲ್ಲರ ಗೋಳು ಒಂದೇ: ಮಾಲು ಹೋಯ್ತು, ದುಡ್ಡು ಬರಲಿಲ್ಲ.

ಇಲ್ಲಿ ಕಾನೂನು ಖಾಸಗಿ ಖರೀದಿದಾರನನ್ನೂ ಕಟ್ಟಿಹಾಕಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿ ಬಾಕಿ ಇಡುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನವೇ ಗಡುವು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಗಂಟು ಬಿಗಿಯಿತು. ಗಡುವಿನೊಳಗೆ ಕೊಡದ ಮೊತ್ತವನ್ನು ಆ ವರ್ಷದ ಖರ್ಚೆಂದು ಖರೀದಿದಾರ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. ಆದರೆ ಉದ್ಯಮ್ ನೋಂದಣಿ ಇಲ್ಲದವನಿಗೆ, ಬಿಲ್ಲು ಬರೆಯದವನಿಗೆ, ಮಾಲು ತಲುಪಿದ ಸಹಿ ಪಡೆಯದವನಿಗೆ ಈ ಕಾನೂನು ಇದ್ದೂ ಇಲ್ಲದಂತೆ. ಹೂ ಬೆಳೆಯುವ ರೈತನಂತೂ ಇದರ ವ್ಯಾಪ್ತಿಗೇ ಬರುವುದಿಲ್ಲ. ಅವನಿಗೆ ಉಳಿದಿರುವ ಆಸರೆ ಕೈಯಲ್ಲಿರುವ ಚೀಟಿ ಮಾತ್ರ.

ಇನ್ನೊಂದು ಮಾತು. ಮಾರುವವರೂ ಗಂಗಾಸ್ನಾನ ಮಾಡಿ ಬಂದವರಲ್ಲ. ಮೂವರು ಕಂತ್ರಾಟುದಾರರು ಒಳಗೊಳಗೇ ಮಾತಾಡಿಕೊಂಡು ‘ಈ ಸಲ ನಿಂಗೆ, ಮುಂದಿನ ಸಲ ನಂಗೆ’ ಅಂತ ಕೊಟೇಶನ್ ಹಾಕುವುದುಂಟು. 2002ರ ಸ್ಪರ್ಧಾ ಕಾಯ್ದೆ ಇಂಥ ಒಳಒಪ್ಪಂದವನ್ನು ನಿಷೇಧಿಸಿದೆ. ಟೆಂಡರ್ ಕರೆದದ್ದು ಸರ್ಕಾರವೋ ಖಾಸಗಿಯೋ ಎಂಬ ಭೇದ ಅಲ್ಲಿಲ್ಲ.

ರೋಗವನ್ನು ತರಬೇಡಿ

ಹಾಗಂತ ಸರ್ಕಾರಿ ಪದ್ಧತಿಯನ್ನು ಹೊತ್ತು ತಂದು ಅಂಗಡಿಯಲ್ಲಿ ಇಳಿಸಿದರೆ ಅನಾಹುತ ಆದೀತು. ಅದರ ದೊಡ್ಡ ರೋಗ ‘ಅತಿ ಕಡಿಮೆ ದರ’ದ ವ್ಯಾಮೋಹ. ಕಡಿಮೆ ಅಂದವನಿಗೆ ಕೆಲಸ, ಮೊದಲ ಮಳೆಗೆ ರಸ್ತೆ ಮಾಯ. ಸರ್ಕಾರಕ್ಕೇ ಇದರ ಅರಿವಾಗಿದೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಕೆಲವು ಕಾಮಗಾರಿಗಳಿಗೆ ದರದ ಜೊತೆ ಗುಣಮಟ್ಟಕ್ಕೂ ಅಂಕ ಕೊಟ್ಟು ಆರಿಸಲು ಅವಕಾಶ ಮಾಡಿತು. ಖಾಸಗಿಯವರು ಈ ಪಾಠವನ್ನು ಎಡವಿ ಬೀಳದೆಯೇ ಕಲಿಯಬಹುದು.

ಎರಡನೇ ರೋಗ, ಸಣ್ಣವರನ್ನು ಬಾಗಿಲಲ್ಲೇ ತಡೆಯುವ ಷರತ್ತುಗಳು. ಇಷ್ಟು ಕೋಟಿ ವಹಿವಾಟು, ಇಷ್ಟು ಠೇವಣಿ ಅಂತ ಕೇಳಿದರೆ ನಿಲಕ್ಕೋಟ್ಟೈಯ ಸಣ್ಣ ವರ್ಕ್‌ಶಾಪಿನವನು ಫಾರಂ ಕೂಡ ಮುಟ್ಟುವುದಿಲ್ಲ. ಮೂರನೆಯದು ಕಾಗದದ ಗುಡ್ಡ. ಬೋರ್‌ವೆಲ್ ಮೋಟಾರು ಸುಟ್ಟ ದಿನ ಮೂರು ಕೊಟೇಶನ್ ಬರಲಿ ಅಂತ ಕೂತರೆ ಬೆಳೆ ಒಣಗುತ್ತದೆ. ತುರ್ತಿಗೆ ತುರ್ತಿನ ದಾರಿ ಇರಲೇಬೇಕು. ಆಮೇಲೆ ಕಾರಣ ಬರೆದರೆ ಆಯ್ತು.

ಎಲ್ಲಕ್ಕಿಂತ ಮುಖ್ಯವಾಗಿ, ನಿಯಮ ಇದ್ದ ಮಾತ್ರಕ್ಕೆ ನೀತಿ ಬಂದುಬಿಡುವುದಿಲ್ಲ. ಪಾರದರ್ಶಕತೆಯ ಕಾಯ್ದೆ ಬಂದು ಎರಡು ದಶಕ ಕಳೆದ ಮೇಲೂ, 2021ರಲ್ಲಿ ಕರ್ನಾಟಕದ ಗುತ್ತಿಗೆದಾರರ ಸಂಘ ಕಮಿಷನ್ ಹಾವಳಿಯ ಆರೋಪ ಹೊತ್ತ ಪತ್ರವನ್ನು ಪ್ರಧಾನಿಗೆ ಬರೆಯಿತು. ಲಕೋಟೆಗೆ ಅರಗು ಹಾಕಿದ್ದರೂ ಒಳಗಿನ ಮನಸ್ಸು ಸರಿ ಇರಬೇಕು.

ಆದ್ದರಿಂದ ತಗೋಬೇಕಾದ್ದು ಸರ್ಕಾರದ ಫೈಲನ್ನಲ್ಲ, ಆ ಫೈಲಿನ ಹಿಂದಿರುವ ವಿವೇಕವನ್ನು. ಕಂಬಂನಿಂದ ದಿಂಡುಗಲ್ಲಿನ ತನಕ ಇರುವ ಕನ್ನಡ ಸಂಘಗಳು, ಟ್ರಸ್ಟುಗಳು ಮುಂದಿನ ವಾರ್ಷಿಕ ಸಭೆಯಲ್ಲೇ ಒಂದು ಪುಟದ ಖರೀದಿ ನಿಯಮ ಮಾಡಿಕೊಳ್ಳಲಿ. ಎಷ್ಟು ಮೊತ್ತಕ್ಕೆ ಯಾರ ಒಪ್ಪಿಗೆ, ಎಷ್ಟು ಕೊಟೇಶನ್, ನೆಂಟರಿದ್ದರೆ ಏನು ಕ್ರಮ, ಎಷ್ಟು ದಿನದಲ್ಲಿ ದುಡ್ಡು ಇಷ್ಟು ಬರೆದರೆ ಸಾಕು. ಕನ್ನಡದಲ್ಲೋ ತಮಿಳಿನಲ್ಲೋ, ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮಾಲು ಕೊಡುವ ಮನೆಗಳು ಬಿಲ್ಲು, ಚೀಟಿ, ಸಹಿ ಇಲ್ಲದೆ ಒಂದು ಕಿಲೋ ಹೂವನ್ನಾಗಲಿ ಒಂದು ಸೀರೆಯನ್ನಾಗಲಿ ಕಳಿಸುವುದಿಲ್ಲ ಅಂತ ತೀರ್ಮಾನಿಸಲಿ.

ಲೆಕ್ಕ ಕೇಳುವುದು ಅನುಮಾನ ಪಟ್ಟಂತೆ ಎಂಬ ಸಂಕೋಚ ಹಳ್ಳಿಮನೆಗಳಲ್ಲಿ ಇನ್ನೂ ಇದೆ. ಲೆಕ್ಕ ಸರಿ ಇದ್ದ ಕಡೆಯೇ ನೆಂಟಸ್ತನ ಬಾಳುವುದು ಎಂಬುದನ್ನು ಮರೆಯಬಾರದು. ಪರರಾಜ್ಯದಲ್ಲಿ ಬೆರಳೆಣಿಕೆಯ ಮನೆಗಳು ಒಗ್ಗಟ್ಟಾಗಿ ಉಳಿಯಬೇಕಾದರೆ ಕುರ್ಚಿ, ಪಾತ್ರೆ, ಹೂವಿನ ಲೆಕ್ಕಕ್ಕೆ ಅವು ಒಡೆದುಹೋಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.